ಒತ್ತಕ್ಷರ ಬಂದರೆ ಎರರ್, ಬಾರದಿದ್ದರೆ ಕಸ: ಸೋರ್ಸ್ ಕೋಡ್‌ನಲ್ಲಿ ಕನ್ನಡ ಎಡವುವ ಜಾಗಗಳು

ಪೈಥಾನ್‌ನಲ್ಲಿ ಬರೆದ ಒಂದು ಸಣ್ಣ ಪ್ರೋಗ್ರಾಂ ಟೆಕ್ಸ್ಟ್ ಫೈಲೊಂದನ್ನು ತೆರೆದು ಓದುತ್ತದೆ, ಅಷ್ಟೇ. ಫೈಲಿನಲ್ಲಿರುವ ಪದ "ಮನೆ". ಲಿನಕ್ಸ್‌ನಲ್ಲಿ ಸರಿಯಾಗಿ ಓದುತ್ತದೆ. ಅದೇ ಪ್ರೋಗ್ರಾಂ, ಅದೇ ಫೈಲನ್ನು ವಿಂಡೋಸ್‌ಗೆ ಒಯ್ದರೆ ಎರರ್ ಬರುವುದಿಲ್ಲ, ಆದರೆ ಓದಿದ್ದು "ಮನೆ" ಆಗಿರುವುದಿಲ್ಲ. ಅದರ ಜಾಗದಲ್ಲಿ ಒಂಬತ್ತು ಲ್ಯಾಟಿನ್ ಚಿಹ್ನೆಗಳು ಕೂತಿರುತ್ತವೆ. ಈಗ "ಮನೆ" ಅಳಿಸಿ "ಕನ್ನಡ" ಎಂದು ಬರೆಯಿರಿ. ಲಿನಕ್ಸ್‌ನಲ್ಲಿ ಏನೂ ಬದಲಾಗದು. ವಿಂಡೋಸ್‌ನಲ್ಲಿ ಮಾತ್ರ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ: 8ನೇ ಸ್ಥಾನದ ಬೈಟ್ ಡಿಕೋಡ್ ಮಾಡಲು ಆಗಲಿಲ್ಲ ಎಂಬ ಯೂನಿಕೋಡ್ ಡಿಕೋಡ್ ಎರರ್.

ಒಂದು ಪದಕ್ಕೆ ಎರರ್, ಇನ್ನೊಂದಕ್ಕೆ ಮೌನ. ಟೆಸ್ಟ್ ಮಾಡಿದವರು "ಮನೆ"ಯಂಥ ಪದ ಹಾಕಿ ಎರರ್ ಬರಲಿಲ್ಲವೆಂದು ಮುಂದೆ ಹೋಗಿರುತ್ತಾರೆ, ಬಳಸುವವರು ಮೊದಲ ದಿನವೇ "ಅಪ್ಪ" ಎಂದು ಟೈಪಿಸಿ ಸಿಕ್ಕಿಬೀಳುತ್ತಾರೆ. ಇದು ಯಾಕೆ ಹೀಗೆ ಎಂದು ಬೈಟ್ ಮಟ್ಟದಲ್ಲಿ ಒಮ್ಮೆ ನೋಡಿಬಿಟ್ಟರೆ ಮುಂದಿನ ಅರ್ಧ ತೊಂದರೆಗಳು ತಾವಾಗಿಯೇ ಅರ್ಥವಾಗುತ್ತವೆ.

ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಸಿಕ್ಕಿರುವ ಜಾಗ 3200ರಿಂದ 3327ರವರೆಗಿನ 128 ಸಂಖ್ಯೆಗಳು. 1991ರ ಮೊದಲ ಆವೃತ್ತಿಯಿಂದಲೂ ಅಲ್ಲೇ ಇದೆ. "ಕ" ಅಂದರೆ 3221; ಇಂಥ ಒಂದೊಂದು ಸಂಖ್ಯೆಗೂ ಕೋಡ್ ಪಾಯಿಂಟ್ ಎನ್ನುತ್ತಾರೆ. ಈ ಸಂಖ್ಯೆಯನ್ನು ಯುಟಿಎಫ್-8ರಲ್ಲಿ, ಅಂದರೆ ಯೂನಿಕೋಡ್ ಸಂಖ್ಯೆಗಳನ್ನು ಬೈಟ್ ಆಗಿಸುವ ಪದ್ಧತಿಯಲ್ಲಿ, ಬರೆದರೆ ಮೂರು ಬೈಟ್ ಆಗುತ್ತದೆ: 224, 178, 149. ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಗುಣಿತ ಚಿಹ್ನೆಗೂ ಮೊದಲ ಬೈಟ್ 224, ಎರಡನೆಯದು 178 ಅಥವಾ 179. ಬದಲಾಗುವುದು ಮುಖ್ಯವಾಗಿ ಮೂರನೆಯದು. ಭಾರತದಲ್ಲಿ ಇಂಗ್ಲಿಷ್ ಸೆಟ್ಟಿಂಗ್‌ನೊಂದಿಗೆ ಬರುವ ವಿಂಡೋಸ್‌ನಲ್ಲಿ ಹಳೆಯ ಪ್ರೋಗ್ರಾಂಗಳಿಗೆಂದು ಇರುವ ಕೋಡ್ ಪೇಜ್ (ಯಾವ ಬೈಟ್ ಯಾವ ಚಿಹ್ನೆ ಎಂಬ ಪಟ್ಟಿ) 1252. ಅದು ಒಂದು ಬೈಟ್‌ಗೆ ಒಂದು ಚಿಹ್ನೆ ಎಂದು ಓದುತ್ತದೆ. ಅದರ ಪಟ್ಟಿಯಲ್ಲಿ 224 ಅಂದರೆ ತಲೆಯ ಮೇಲೆ ಓರೆ ಗೀಟಿರುವ ಸಣ್ಣ ಎ, 178 ಮತ್ತು 179 ಅಂದರೆ ವರ್ಗ, ಘನ ಬರೆಯಲು ಬಳಸುವ ಮೇಲ್ಬರಹದ 2 ಮತ್ತು 3. ಗೀಟಿನ ಎ ಪಕ್ಕ ಪುಟ್ಟ 2 ಅಥವಾ 3 ಸಾಲುಗಟ್ಟಿ ನಿಂತಿದ್ದರೆ ಅದು ಕನ್ನಡವೇ, ತಪ್ಪು ಕೋಡ್ ಪೇಜ್‌ನಲ್ಲಿ ಓದಿದ್ದು, ಮತ್ತು ಬಹುಮಟ್ಟಿಗೆ ಇನ್ನೂ ಉಳಿಸಿಕೊಳ್ಳಬಹುದಾದ್ದು.

ಆದರೆ 1252ರ ಪಟ್ಟಿಯಲ್ಲಿ ಐದು ಜಾಗ ಖಾಲಿ: 129, 141, 143, 144, 157. ಕನ್ನಡದಲ್ಲಿ ಮೂರನೇ ಬೈಟ್ ಇವಾಗಿರುವ ಅಕ್ಷರಗಳು ಯಾವುವು? 129 ಕೊಂಬು (ು), 141 ಹಲಂತ (್), 143 ಏ, 144 ಐ, 157 ಝ. ಕೊಂಬು ಮತ್ತು ಹಲಂತ ಇಲ್ಲದ ಕನ್ನಡ ವಾಕ್ಯ ಹುಡುಕಬೇಕಷ್ಟೇ. ಪ್ರತಿ ಒತ್ತಕ್ಷರದ ಒಳಗೂ ಒಂದು ಹಲಂತ ಇದೆ. "ಕನ್ನಡ" ಅಂದರೆ ಕ, ನ, ್, ನ, ಡ. ಐದು ಕೋಡ್ ಪಾಯಿಂಟ್, 15 ಬೈಟ್. ಸೊನ್ನೆಯಿಂದ ಎಣಿಸಿದರೆ 8ನೇ ಸ್ಥಾನದಲ್ಲಿ 141. ಪೈಥಾನ್ ನಿಂತಿದ್ದು ಅಲ್ಲೇ.

ಆ ಖಾಲಿ ಜಾಗವನ್ನು ಏನು ಮಾಡಬೇಕೆಂಬುದರಲ್ಲೂ ಒಮ್ಮತವಿಲ್ಲ. ಪೈಥಾನ್ ಎರರ್ ಕೊಟ್ಟು ನಿಲ್ಲುತ್ತದೆ. ಬ್ರೌಸರ್‌ಗಳು ಅದನ್ನು ಕಣ್ಣಿಗೆ ಕಾಣದ ನಿಯಂತ್ರಣ ಚಿಹ್ನೆಯಾಗಿ ಹಾಗೇ ಇಟ್ಟುಕೊಳ್ಳುತ್ತವೆ. ಜಾವಾದ ಫೈಲ್ ರೀಡರ್ ಅಲ್ಲಿ "ಗೊತ್ತಾಗಲಿಲ್ಲ" ಎಂಬರ್ಥದ ಬದಲಿ ಚಿಹ್ನೆ ಹಾಕಿ, ಸದ್ದಿಲ್ಲದೆ ಮುಂದೆ ಹೋಗುತ್ತದೆ. ಮೂರರಲ್ಲಿ ಅತಿ ಅಪಾಯದ್ದು ಈ ಕೊನೆಯದು. ಎರರ್ ಬಂದರೆ ಮೂಲ ಫೈಲು ಸುರಕ್ಷಿತವಾಗಿರುತ್ತದೆ. ಬದಲಿ ಚಿಹ್ನೆ ಬಿದ್ದ ಮೇಲೆ ಯಾರಾದರೂ ಸೇವ್ ಮಾಡಿದರೆ ಎಲ್ಲ ಹಲಂತಗಳೂ, ಎಲ್ಲ ಕೊಂಬುಗಳೂ ಒಂದೇ ಗುರುತಾಗಿ ಬೆರೆತುಹೋಗುತ್ತವೆ. ಆಮೇಲೆ ಯಾವ ಪರಿವರ್ತಕವೂ ಅವನ್ನು ಬೇರ್ಪಡಿಸಲಾರದು.

ಊಹಿಸುವವರು ಯಾರು

ಟೆಕ್ಸ್ಟ್ ಫೈಲು ತಾನು ಯಾವ ಎನ್‌ಕೋಡಿಂಗ್‌ನಲ್ಲಿ (ಅಕ್ಷರಗಳನ್ನು ಬೈಟ್ ಆಗಿಸುವ ಪದ್ಧತಿಯಲ್ಲಿ) ಇದ್ದೇನೆಂದು ಎಲ್ಲೂ ಹೇಳಿಕೊಳ್ಳುವುದಿಲ್ಲ. ಅದರಲ್ಲಿರುವುದು ಬರೀ ಬೈಟ್‌ಗಳು. ಓದುವ ಪ್ರತಿಯೊಂದು ಉಪಕರಣವೂ ಊಹಿಸುತ್ತದೆ, ಆ ಊಹೆ ಬಹಳ ಕಾಲ ಯಂತ್ರದ ಸೆಟ್ಟಿಂಗ್ ಮೇಲೆ ನಿಂತಿತ್ತು. ಕೋಡ್ ಬರೆದವರ ಯಂತ್ರದಲ್ಲಿ ಓಡಿ ಇನ್ನೊಬ್ಬರ ಯಂತ್ರದಲ್ಲಿ ಓಡದಿರುವುದಕ್ಕೆ ಬೇರು ಇಲ್ಲಿದೆ.

ಪೈಥಾನ್ ವಿಷಯದಲ್ಲಿ ಹಲವರು ಎಡವುವುದು ಎರಡು ಬೇರೆ ಸಂಗತಿಗಳನ್ನು ಒಂದೆಂದು ತಿಳಿಯುವುದರಿಂದ. ಪೈಥಾನ್ 3 ಸೋರ್ಸ್ ಫೈಲನ್ನು ಯುಟಿಎಫ್-8 ಎಂದೇ ಓದುತ್ತದೆ, ಯಾವ ಯಂತ್ರದಲ್ಲೇ ಆಗಲಿ. ಆದ್ದರಿಂದ ಕೋಡ್‌ನೊಳಗೆ ಬರೆದ ಕನ್ನಡ ಸ್ಟ್ರಿಂಗ್‌ಗೆ (ಉದ್ಧರಣ ಚಿಹ್ನೆಯೊಳಗಿನ ಪಠ್ಯಕ್ಕೆ) ತೊಂದರೆಯಿಲ್ಲ. ಆದರೆ ಫೈಲು ತೆರೆಯುವ ಓಪನ್ ಕರೆಗೆ ಎನ್‌ಕೋಡಿಂಗ್ ಕೊಡದಿದ್ದರೆ ಡೇಟಾ ಫೈಲನ್ನು ಯಂತ್ರದ ಸೆಟ್ಟಿಂಗ್‌ನಂತೆ ಓದುತ್ತದೆ. ಮೊದಲ ಉದಾಹರಣೆಯಲ್ಲಿ ಆದದ್ದು ಇದೇ. 2026ರ ಅಕ್ಟೋಬರ್‌ಗೆ ವೇಳಾಪಟ್ಟಿ ಹಾಕಿರುವ ಪೈಥಾನ್ 3.15ರಲ್ಲಿ ಈ ಡೀಫಾಲ್ಟ್ ಯುಟಿಎಫ್-8 ಆಗುತ್ತದೆ. ಅದಕ್ಕೆ ಕಾಯಬೇಕಾಗಿಲ್ಲ: ಪ್ರತಿ ಓಪನ್ ಕರೆಯಲ್ಲೂ ಎನ್‌ಕೋಡಿಂಗ್ ಎಂಬ ಆರ್ಗ್ಯುಮೆಂಟ್‌ಗೆ ಯುಟಿಎಫ್-8 ಎಂದು ಕೊಡಿ. ಎಲ್ಲೆಲ್ಲಿ ಬಿಟ್ಟಿದ್ದೀರೆಂದು ತಿಳಿಯಲು 3.10ರಿಂದ ಒಂದು ಎಚ್ಚರಿಕೆ ಸೌಲಭ್ಯವಿದೆ. ದೊಡ್ಡ ಎಕ್ಸ್ ಆಪ್ಶನ್‌ನೊಂದಿಗೆ "ವಾರ್ನ್ ಡೀಫಾಲ್ಟ್ ಎನ್‌ಕೋಡಿಂಗ್" ಎಂದು ಕೊಟ್ಟು ಟೆಸ್ಟ್‌ಗಳನ್ನು ಓಡಿಸಿದರೆ ಬಿಟ್ಟ ಸಾಲುಗಳೆಲ್ಲ ಪಟ್ಟಿಯಾಗಿ ಬರುತ್ತವೆ. ಒಂದು ಮಾತು: 3.15 ಬಂದಾಗ, 1252ರಲ್ಲೇ ಬರೆದಿಟ್ಟ ಹಳೆಯ ಫೈಲುಗಳನ್ನು ಆರ್ಗ್ಯುಮೆಂಟ್ ಇಲ್ಲದೆ ಓದುತ್ತಿದ್ದ ಪ್ರೋಗ್ರಾಂಗಳು ಇದುವರೆಗೆ ಓಡಿ, ಅಂದಿನಿಂದ ಮುರಿಯುತ್ತವೆ. ಈಗಲೇ ಬರೆದಿಡಲು ಅದೂ ಒಂದು ಕಾರಣ.

ಜಾವಾ ಈ ದಾರಿಯನ್ನು 2022ರ ಮಾರ್ಚ್‌ನಲ್ಲೇ, 18ನೇ ಆವೃತ್ತಿಯಲ್ಲಿ ತುಳಿದಿದೆ. ಅದಕ್ಕಿಂತ ಹಳೆಯ ಆವೃತ್ತಿ ಇನ್ನೂ ಎಷ್ಟೋ ಸರ್ವರ್‌ಗಳಲ್ಲಿದೆ. ಅಲ್ಲಿ ಕಂಪೈಲರ್‌ಗೆ ಎನ್‌ಕೋಡಿಂಗ್ ಆಪ್ಶನ್, ಓಡಿಸುವಾಗ ಫೈಲ್ ಡಾಟ್ ಎನ್‌ಕೋಡಿಂಗ್ ಪ್ರಾಪರ್ಟಿ, ಎರಡನ್ನೂ ಬೇರೆಬೇರೆಯಾಗಿ ಕೊಡಬೇಕು. ಜಾವಾ ಬಿಲ್ಡ್ ಉಪಕರಣ ಮೇವನ್ ಬಳಸುವವರು ಪ್ರಾಜೆಕ್ಟ್ ಫೈಲಿನಲ್ಲಿ ಸೋರ್ಸ್ ಎನ್‌ಕೋಡಿಂಗ್ ಹೇಳದಿದ್ದರೆ, ಈ ಬಿಲ್ಡ್ ಯಂತ್ರದ ಮೇಲೆ ಅವಲಂಬಿಸಿದೆ ಎಂಬ ಹಳದಿ ಎಚ್ಚರಿಕೆ ಪ್ರತಿ ಸಲವೂ ಬರುತ್ತದೆ. ವರ್ಷಗಟ್ಟಲೆ ಜನ ಅದನ್ನು ದಾಟಿಕೊಂಡು ಹೋಗುತ್ತಾರೆ. ಹೋಗಬೇಡಿ, ಅದು ಅಕ್ಷರಶಃ ನಿಜ ಹೇಳುತ್ತಿದೆ.

ಸಿ++ನಲ್ಲಿ ಸ್ಥಿತಿ ಹೆಚ್ಚು ಗೋಜಲು, ಯಾಕೆಂದರೆ ಅಲ್ಲಿ ಎರಡು ಎನ್‌ಕೋಡಿಂಗ್‌ಗಳಿವೆ: ಸೋರ್ಸ್ ಫೈಲನ್ನು ಓದುವುದು ಒಂದರಲ್ಲಿ, ಸ್ಟ್ರಿಂಗ್‌ಗಳನ್ನು ತಯಾರಾದ ಪ್ರೋಗ್ರಾಂನೊಳಗೆ ಇಡುವುದು ಇನ್ನೊಂದರಲ್ಲಿ. ಜಿಸಿಸಿ, ಕ್ಲ್ಯಾಂಗ್ ಎಂಬ ಕಂಪೈಲರ್‌ಗಳು ಎರಡಕ್ಕೂ ಯುಟಿಎಫ್-8 ಎಂದೇ ಹೊರಡುತ್ತವೆ. ಮೈಕ್ರೋಸಾಫ್ಟ್‌ನ ಕಂಪೈಲರ್ ಫೈಲಿನ ತಲೆಯಲ್ಲಿ ಗುರುತು ಕಾಣದಿದ್ದರೆ ಎರಡಕ್ಕೂ ಯಂತ್ರದ ಕೋಡ್ ಪೇಜ್ ಹಿಡಿಯುತ್ತದೆ. ಆಗ ಒಂದು ಮೋಸದ ಸಂಗತಿ ನಡೆಯುತ್ತದೆ. ಯುಟಿಎಫ್-8 ಬೈಟ್‌ಗಳನ್ನು 1252 ಎಂದು ತಪ್ಪಾಗಿ ಓದಿ, ಮತ್ತೆ 1252ರಲ್ಲೇ ಬರೆದಾಗ, ಹೊರಬರುವುದು ಮೊದಲಿದ್ದ ಬೈಟ್‌ಗಳೇ. ಎರಡು ತಪ್ಪು ಸೇರಿ ಸಾಮಾನ್ಯ ಸ್ಟ್ರಿಂಗ್ ಸರಿಯಾಗಿ ಕಾಣುತ್ತದೆ. ಅದೇ ಪದವನ್ನು ವಿಂಡೋಸ್‌ನ ವೈಡ್ ಸ್ಟ್ರಿಂಗ್ (ಯೂನಿಕೋಡ್ ಸಂಖ್ಯೆಗಳಾಗಿಯೇ ಇಡುವ ಪಠ್ಯ) ಆಗಿ ಬರೆದ ದಿನ ಮಾತ್ರ ಎರಡನೇ ತಪ್ಪು ನಡೆಯದೆ, ಬಟನ್ ಮೇಲೆ ಕಸ ಮೂಡುತ್ತದೆ. ಪರಿಹಾರ ಒಂದೇ ಪದ: ಕಂಪೈಲರ್‌ಗೆ "ಯುಟಿಎಫ್-8" ಎಂಬ ಸ್ವಿಚ್ ಕೊಡಿ, ಎರಡೂ ಎನ್‌ಕೋಡಿಂಗ್‌ಗಳನ್ನು ಅದೊಂದೇ ನಿಗದಿ ಮಾಡುತ್ತದೆ. ಯುಟಿಎಫ್-8 ಸೋರ್ಸ್ ಫೈಲನ್ನು ಎಲ್ಲ ಕಂಪೈಲರ್‌ಗಳೂ ಒಪ್ಪಲೇಬೇಕೆಂಬ ನಿಯಮ ಸಿ++23ರಲ್ಲಷ್ಟೇ ಬಂತು.

ವಿಂಡೋಸ್‌ನ ಭಾಷಾ ಸೆಟ್ಟಿಂಗ್‌ನಲ್ಲಿ ಇಡೀ ಯಂತ್ರವನ್ನೇ ಯುಟಿಎಫ್-8ಕ್ಕೆ ತಿರುಗಿಸುವ ಬೀಟಾ ಟಿಕ್ ಬಾಕ್ಸ್ ಇದೆ. ಕೋಡ್ ಬರೆಯುವವರು ಅದನ್ನು ಹಾಕಿಕೊಳ್ಳಬಾರದೆಂಬುದು ಈ ಲೇಖನದ ಗಟ್ಟಿ ಅಭಿಪ್ರಾಯ. ಅವರ ಯಂತ್ರದಲ್ಲಿ ತೊಂದರೆ ಮಾಯವಾಗುತ್ತದೆ, ಬಳಕೆದಾರರ ಯಂತ್ರದಲ್ಲಿ ಉಳಿಯುತ್ತದೆ. ತೊಂದರೆ ಬರೆದವರ ಕಣ್ಣಿಗೇ ಮೊದಲು ಬೀಳಬೇಕು.

ಪರದೆಯಲ್ಲಿ ಸರಿ, ಲಾಗ್‌ನಲ್ಲಿ ತಪ್ಪು

ಪೈಥಾನ್ 3.6ರಿಂದ ವಿಂಡೋಸ್ ಕನ್ಸೋಲ್‌ಗೆ ನೇರವಾಗಿ ಯೂನಿಕೋಡ್ ದಾರಿಯಲ್ಲಿ ಬರೆಯುತ್ತದೆ. ಹಾಗಾಗಿ ಪ್ರಿಂಟ್ ಮಾಡಿದ ಕನ್ನಡ ಎರರ್ ಕೊಡದೆ ಪರದೆಗೆ ಹೋಗುತ್ತದೆ. ಅದೇ ಔಟ್‌ಪುಟ್ ಅನ್ನು ಫೈಲಿಗೆ ತಿರುಗಿಸಿದರೆ ಮತ್ತೆ 1252, ಈ ಸಲ ಎನ್‌ಕೋಡ್ ಎರರ್. 1252ರಲ್ಲಿ ಕನ್ನಡದ ಒಂದು ಅಕ್ಷರವೂ ಇಲ್ಲ, ಆದ್ದರಿಂದ ಇಲ್ಲಿ ಎಲ್ಲ ಪದಗಳೂ ಬೀಳುತ್ತವೆ. ಕೈಯಿಂದ ಓಡಿಸಿದಾಗ ಸರಿ, ಟಾಸ್ಕ್ ಶೆಡ್ಯೂಲರ್‌ನಿಂದ ರಾತ್ರಿ ಓಡಿದಾಗ ಸೋಲು ಎಂಬ ದೂರು ಬಂದರೆ ಮೊದಲು ಇಲ್ಲಿ ನೋಡಿ. ಪೈಥಾನ್‌ಯುಟಿಎಫ್8 ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ 1 ಎಂದು ಕೊಟ್ಟರೆ 3.7ರಿಂದಾಚೆಗಿನ ಆವೃತ್ತಿಗಳಲ್ಲಿ ಈ ತೊಂದರೆ ನಿಲ್ಲುತ್ತದೆ.

ಲಿನಕ್ಸ್ ಕೂಡ ಇದಕ್ಕೆ ಪೂರ್ತಿ ಹೊರತಲ್ಲ. ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್ ಮತ್ತು ಪುಟ್ಟ ಡಾಕರ್ ಇಮೇಜ್‌ಗಳಲ್ಲಿ ಭಾಷೆ, ಎನ್‌ಕೋಡಿಂಗ್ ತಿಳಿಸುವ ಲ್ಯಾಂಗ್ ವೇರಿಯಬಲ್ ಖಾಲಿ ಇರುತ್ತದೆ. ಹಳೆಯ ಜಾವಾ ಆಗ ಇಂಗ್ಲಿಷ್ ಅಕ್ಷರಗಳಿಗಷ್ಟೇ ಜಾಗವಿರುವ ಆಸ್ಕಿ ಎಂದುಕೊಂಡು ಪ್ರತಿ ಕನ್ನಡ ಅಕ್ಷರವನ್ನೂ ಪ್ರಶ್ನಾರ್ಥಕ ಚಿಹ್ನೆಯಾಗಿಸುತ್ತದೆ. ಇಮೇಜ್ ಕಟ್ಟುವ ಫೈಲಿನಲ್ಲೇ ಲ್ಯಾಂಗ್‌ಗೆ ಸಿ ಡಾಟ್ ಯುಟಿಎಫ್-8 ಎಂದು ಬರೆದಿಡಿ.

ಫೈಲಿನ ತಲೆಯಲ್ಲಿ ಕೂರುವ ಬಾಮ್ ಎಂಬ ಮೂರು ಬೈಟ್‌ಗಳ ಗುರುತು (239, 187, 191) ಬಗ್ಗೆ ಬೇಗ ಹೇಳಿ ಮುಗಿಸಬಹುದು: ಬೇಕೆಂದು ಕೇಳುವ ಒಂದೆರಡು ಉಪಕರಣಗಳನ್ನು ಬಿಟ್ಟರೆ ಎಲ್ಲೂ ಹಾಕಬೇಡಿ. ಲಿನಕ್ಸ್ ಸ್ಕ್ರಿಪ್ಟ್‌ನ ಮೊದಲೆರಡು ಬೈಟ್ ಹ್ಯಾಶ್ ಮತ್ತು ಆಶ್ಚರ್ಯಸೂಚಕವೇ ಆಗಿರಬೇಕು, ಮುಂದೆ ಬಾಮ್ ಕೂತರೆ ಸ್ಕ್ರಿಪ್ಟನ್ನು ಯಾವುದರಿಂದ ಓಡಿಸಬೇಕೆಂದು ಕರ್ನಲ್‌ಗೆ ತಿಳಿಯದು. ಪಿಎಚ್‌ಪಿಯಲ್ಲಿ ಅದು ಪುಟಕ್ಕಿಂತ ಮೊದಲೇ ಹೊರಗೆ ಹೋಗಿ, ಹೆಡರ್ ಆಗಲೇ ಕಳಿಸಿಯಾಗಿದೆ ಎಂಬ ಎರರ್ ಬರುತ್ತದೆ. ಕೇಳುವ ಉಪಕರಣ ಮುಖ್ಯವಾಗಿ ವಿಂಡೋಸ್‌ನ ಪವರ್‌ಶೆಲ್ 5.1: ಕನ್ನಡವಿರುವ ಸ್ಕ್ರಿಪ್ಟ್‌ಗೆ ಬಾಮ್ ಇಲ್ಲದಿದ್ದರೆ 1252 ಎಂದೇ ಓದುತ್ತದೆ. ಅದೇ ಪವರ್‌ಶೆಲ್ 5.1ರಲ್ಲಿ ಬಾಣದ ಗುರುತಿನಿಂದ ಫೈಲಿಗೆ ಬರೆಸಿದರೆ ಕನ್ನಡಕ್ಕೂ ಇಂಗ್ಲಿಷಿಗೂ ಅಕ್ಷರಕ್ಕೆ ಎರಡು ಬೈಟ್ ಬಳಸುವ ಯುಟಿಎಫ್-16 ಫೈಲು ಹುಟ್ಟುತ್ತದೆ. ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಗಿಟ್ ಅದನ್ನು ಬೈನರಿ ಎಂದು ಭಾವಿಸಿ ವ್ಯತ್ಯಾಸ ತೋರಿಸುವುದನ್ನೇ ನಿಲ್ಲಿಸುತ್ತದೆ.

ಅಕ್ಷರದ ನಡುವೆ ಕತ್ತರಿ

ಸಿ ಭಾಷೆಯಲ್ಲಿ ಊರಿನ ಹೆಸರಿಗೆ 20 ಬೈಟ್‌ಗಳ ಜಾಗ ಇಟ್ಟಿದ್ದಾರೆ ಎನ್ನಿ. ಇಂಗ್ಲಿಷಿಗೆ ಸಾಕು. "ಬೆಂಗಳೂರು" ಅಂದರೆ ಬ, ೆ, ಂ, ಗ, ಳ, ೂ, ರ, ು: ಎಂಟು ಕೋಡ್ ಪಾಯಿಂಟ್, 24 ಬೈಟ್, ಕೊನೆಯ ಸೊನ್ನೆ ಸೇರಿ 25. ಉದ್ದಕ್ಕೆ ಮಿತಿ ಹಾಕುವ ಸುರಕ್ಷಿತ ಫಂಕ್ಷನ್ ಬಳಸಿದರೆ ಮೊದಲ 19 ಬೈಟ್ ಉಳಿಯುತ್ತದೆ. ಅದರಲ್ಲಿ 18 ಬೈಟ್ ಸೇರಿ "ಬೆಂಗಳೂ". 19ನೆಯದು "ರ" ಅಕ್ಷರದ ಮೊದಲ ಬೈಟ್, ಒಂಟಿ 224. ಮೆಮೊರಿ ಉಕ್ಕಲಿಲ್ಲ, ಸುರಕ್ಷತೆಯ ಪರೀಕ್ಷೆ ಪಾಸಾಯಿತು. ಆದರೆ ಆ ಒಂಟಿ ಬೈಟ್‌ನಿಂದ ಸ್ಟ್ರಿಂಗ್ ಇನ್ನು ಯುಟಿಎಫ್-8 ಆಗಿ ಉಳಿದಿಲ್ಲ. ಅದನ್ನು ಜೇಸನ್ ಸಂದೇಶದೊಳಗೆ ಹಾಕಿ ಕಳಿಸಿದರೆ ಆ ಕಡೆಯ ಕಟ್ಟುನಿಟ್ಟಿನ ಪಾರ್ಸರ್ ಊರಿನ ಹೆಸರನ್ನಷ್ಟೇ ಬಿಡುವುದಿಲ್ಲ, ಇಡೀ ಸಂದೇಶವನ್ನೇ ತಿರಸ್ಕರಿಸುತ್ತದೆ.

ಕತ್ತರಿಸಲೇಬೇಕಾದರೆ ಹಿಂದಕ್ಕೆ ಸರಿಯಿರಿ. ಬಿಟ್ಟುಬಿಡುವ ಭಾಗದ ಮೊದಲ ಬೈಟ್ 128ರಿಂದ 191ರ ನಡುವೆ ಇದ್ದರೆ ಅದು ಅಕ್ಷರದ ಮಧ್ಯಭಾಗ, ಅಲ್ಲಿ ಕತ್ತರಿಸಬಾರದು. ಆ ವ್ಯಾಪ್ತಿಯಿಂದ ಹೊರಗಿನ ಬೈಟ್ ಸಿಗುವವರೆಗೆ ಹಿಂದೆ ಬಂದು ಅದರ ಮುಂಚೆ ಕತ್ತರಿಸಿ. ಇಷ್ಟಾದರೂ "ರು" ಎಂಬುದು "ರ" ಆಗಿ ಉಳಿಯಬಹುದು. ಹೆಸರುಗಳ ವಿಷಯದಲ್ಲಿ ಅದೂ ತಪ್ಪೇ, ಹಾಗಾಗಿ ಜಾಗವನ್ನೇ ಮೂರರಷ್ಟು ಇಡುವುದು ಲೇಸು.

ಎನ್‌ಕೋಡಿಂಗ್ ಸರಿಯಿದ್ದೂ ಹೊಂದದ ಪದಗಳು

ಎಲ್ಲರೂ ಯುಟಿಎಫ್-8 ಬಳಸಿದರೂ ಒಂದೇ ಪದ ಎರಡು ರೀತಿಯಲ್ಲಿ ಇರಬಲ್ಲದು. ಕನ್ನಡದ ೀ, ೇ, ೈ, ೊ, ೋ ಈ ಐದು ಚಿಹ್ನೆಗಳನ್ನು ಇಡಿಯಾಗಿಯೂ ಬರೆಯಬಹುದು, ಬಿಡಿಸಿಯೂ ಬರೆಯಬಹುದು. "ಕೋಲಾರ" ಇಡಿ ರೂಪದಲ್ಲಿ ಐದು ಕೋಡ್ ಪಾಯಿಂಟ್, 15 ಬೈಟ್. ಬಿಡಿ ರೂಪದಲ್ಲಿ ಓತ್ವವು ಎತ್ವ, ಕೊಂಬಿನ ದೀರ್ಘ, ಉದ್ದದ ಗುರುತು ಎಂದು ಮೂರಾಗಿ ಒಡೆದು ಏಳು ಕೋಡ್ ಪಾಯಿಂಟ್, 21 ಬೈಟ್. ಪರದೆಯಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ. ಮ್ಯಾಕ್‌ನ ಹಳೆಯ ಫೈಲ್ ವ್ಯವಸ್ಥೆ ಎಚ್‌ಎಫ್‌ಎಸ್ ಪ್ಲಸ್ ಫೈಲುಗಳ ಹೆಸರನ್ನು ಬಿಡಿಸಿಯೇ ಇಡುತ್ತಿತ್ತು. ಅಲ್ಲಿಂದ ಬಂದ "ಕೋಲಾರ" ಫೈಲನ್ನು ಲಿನಕ್ಸ್‌ನಲ್ಲಿ ಅದೇ ಹೆಸರು ಟೈಪಿಸಿ ಕೇಳಿದರೆ ಸಿಗುವುದಿಲ್ಲ. ಗಿಟ್‌ನಲ್ಲಿ ಪ್ರಿಕಂಪೋಸ್ ಯೂನಿಕೋಡ್ ಎಂಬ ಸೆಟ್ಟಿಂಗ್ ಇರುವುದು ಇದಕ್ಕಾಗಿಯೇ. ಹೋಲಿಸುವ ಮುನ್ನ ಎರಡೂ ಸ್ಟ್ರಿಂಗ್‌ಗಳನ್ನು ಎನ್‌ಎಫ್‌ಸಿ ಎಂಬ ಇಡಿ ರೂಪಕ್ಕೆ ತಂದುಕೊಳ್ಳಿ. ಎಲ್ಲ ದೊಡ್ಡ ಭಾಷೆಗಳಲ್ಲೂ ಇದಕ್ಕೆ ಲೈಬ್ರರಿ ಇದೆ.

ಎನ್‌ಎಫ್‌ಸಿಗೂ ಬಗ್ಗದ ಒಂದು ತಪ್ಪು ಕನ್ನಡದಲ್ಲಿ ತುಂಬಾ ಹರಡಿದೆ: ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿ ಸೊನ್ನೆ. "ಬೆಂಗಳೂರು" ಮತ್ತು "ಬೆ೦ಗಳೂರು" ಕಣ್ಣಿಗೆ ಒಂದೇ, ಯಂತ್ರಕ್ಕೆ ಎರಡು. ಅಕ್ಷರದ ಬೆನ್ನಿಗೇ ಸೊನ್ನೆ ಬಂದರೆ ಅನುಸ್ವಾರವಾಗಿಸುವ ಒಂದು ಸಾಲಿನ ರೆಗೆಕ್ಸ್ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ) ಬರೆದು, ಡೇಟಾ ಒಳಬರುವ ಬಾಗಿಲಲ್ಲೇ ಇಡಬೇಕು.

ಕೋಡ್‌ನೊಳಗಿನ ಹೆಸರುಗಳನ್ನೂ ಕನ್ನಡದಲ್ಲಿ ಇಡಬಹುದೇ? ಮಕ್ಕಳಿಗೆ ಕಲಿಸುವವರು ಇದನ್ನು ಕೇಳುತ್ತಾರೆ, ನ್ಯಾಯವಾದ ಪ್ರಶ್ನೆ. ಪೈಥಾನ್ 3ರಲ್ಲಿ ವೇರಿಯಬಲ್‌ಗೆ "ಮನೆ" ಎಂದು ಹೆಸರಿಡಬಹುದು, "ಕನ್ನಡ" ಎಂದೂ ಇಡಬಹುದು. "ಸಾಫ್ಟ್‌ವೇರ್" ಆಗದು. ಆ ಪದದಲ್ಲಿ ಟ್ ಮತ್ತು ವೇ ಒತ್ತಾಗಿ ಕೂಡಿಕೊಳ್ಳದಂತೆ ತಡೆಯುವ, ಕಣ್ಣಿಗೆ ಕಾಣದ ನಾನ್ ಜಾಯಿನರ್ ಚಿಹ್ನೆಯೊಂದಿದೆ. ಪೈಥಾನ್ ಅದನ್ನು ಹೆಸರಿನೊಳಗೆ ಬಿಡುವುದಿಲ್ಲ, ಜಾವಾಸ್ಕ್ರಿಪ್ಟ್ ಬಿಡುತ್ತದೆ. ಗೋ ಭಾಷೆಯಲ್ಲಿ ಸೋರ್ಸ್ ಯುಟಿಎಫ್-8ರಲ್ಲೇ ಇರಬೇಕೆಂಬ ನಿಯಮವಿದೆ, ಅಷ್ಟು ಚೆನ್ನಾಗಿ ಯೋಚಿಸಿದ ಭಾಷೆ. ಆದರೆ ಹೆಸರಿನಲ್ಲಿ ಬರಬಹುದಾದದ್ದು ಅಕ್ಷರ ಮತ್ತು ಅಂಕಿ ಮಾತ್ರ ಎಂದು ಹೇಳಿ, ಗುಣಿತ ಚಿಹ್ನೆಗಳನ್ನು ಹೊರಗಿಟ್ಟಿದೆ. "ಮರ" ಆಗುತ್ತದೆ, "ಮನೆ" ಆಗದು. ಇನ್ನೊಂದು ಪ್ಯಾಕೇಜ್‌ಗೆ ಕಾಣಬೇಕಾದ ಹೆಸರು ದೊಡ್ಡ ಅಕ್ಷರದಿಂದ ಶುರುವಾಗಬೇಕೆಂಬ ಅದರ ನಿಯಮಕ್ಕೆ, ದೊಡ್ಡ-ಸಣ್ಣ ಅಕ್ಷರದ ಭೇದವೇ ಇಲ್ಲದ ಕನ್ನಡದಲ್ಲಿ ಉತ್ತರವೇ ಇಲ್ಲ. ಇದು ತಾಂತ್ರಿಕ ಅನಿವಾರ್ಯತೆಯಲ್ಲ, ಗುಣಿತಾಕ್ಷರದ ಲಿಪಿಗಳನ್ನು ಗಮನಕ್ಕೆ ತೆಗೆದುಕೊಳ್ಳದ ತೀರ್ಮಾನ. ಬೇರೆ ಭಾಷೆಗಳಿಗೆ ಸಾಗಬೇಕಾದ ಕೋಡ್‌ನಲ್ಲಿ ಹೆಸರುಗಳನ್ನು ಸದ್ಯಕ್ಕೆ ಆಸ್ಕಿಯಲ್ಲೇ ಇಡುವುದು ಕ್ಷೇಮ. ಸ್ಟ್ರಿಂಗ್ ಮತ್ತು ಕಾಮೆಂಟ್‌ಗಳಲ್ಲಿ ಕನ್ನಡಕ್ಕೆ ಅಡ್ಡಿಯಿಲ್ಲ.

ಹಳೆಯ ನುಡಿ ಫಾಂಟ್‌ನಲ್ಲಿ ಬರೆದ ಪಠ್ಯದ ಕಥೆ ಬೇರೆ. ಅಲ್ಲಿ "ಕನ್ನಡ" ಎಂಬುದು 80, 192, 163, 192, 223, 113, 192 ಎಂಬ ಏಳು ಬೈಟ್. 1252ರ ಪ್ರಕಾರ ಇದು ಪಕ್ಕಾ ಲ್ಯಾಟಿನ್ ಪಠ್ಯ, ಕನ್ನಡವಾಗಿ ಕಾಣುವುದು ಫಾಂಟ್‌ನ ಕೈಚಳಕ. ಎನ್‌ಕೋಡಿಂಗ್ ಪತ್ತೆಹಚ್ಚುವ ಯಾವ ಉಪಕರಣವೂ ಇದನ್ನು ಕನ್ನಡ ಎನ್ನುವುದಿಲ್ಲ. ಇದಕ್ಕೆ ನುಡಿಯಿಂದ ಯೂನಿಕೋಡ್‌ಗೆ ತರುವ ಪ್ರತ್ಯೇಕ ಪರಿವರ್ತಕವೇ ಬೇಕು. ಇಂಗ್ಲಿಷ್ ಪದಗಳು ಬೆರೆತಿದ್ದರೆ ಅವನ್ನೂ ಕನ್ನಡವೆಂದು ತಿರುಗಿಸಿಬಿಡುತ್ತದೆ, ಹಾಗಾಗಿ ಕಣ್ಣಿಟ್ಟು ನೋಡಲು ಒಬ್ಬರು ಕೂರಲೇಬೇಕು.

ರೆಪಾಸಿಟರಿಯಲ್ಲಿ ಇಡಬೇಕಾದ್ದು

ಎಡಿಟರ್‌ಕಾನ್ಫಿಗ್ ಫೈಲಿನಲ್ಲಿ ಚಾರ್‌ಸೆಟ್ ಯುಟಿಎಫ್-8 ಎಂಬ ಸಾಲು. ಬಿಲ್ಡ್ ಸರ್ವರ್‌ನಲ್ಲಿ ಪ್ರತಿ ಟೆಕ್ಸ್ಟ್ ಫೈಲನ್ನೂ ಎನ್‌ಕೋಡಿಂಗ್ ಬದಲಿಸುವ ಐಕಾನ್ವ್ ಎಂಬ ಉಪಕರಣದ ಮೂಲಕ ಯುಟಿಎಫ್-8ರಿಂದ ಯುಟಿಎಫ್-8ಕ್ಕೇ ಹಾಯಿಸುವ ಒಂದು ಹೆಜ್ಜೆ. ಒಂದು ಬೈಟ್ ಕೆಟ್ಟಿದ್ದರೂ ಅದು ಸೊನ್ನೆಯಲ್ಲದ ಸಂಕೇತದೊಂದಿಗೆ ನಿಲ್ಲುತ್ತದೆ. 2021ರ ನವೆಂಬರ್‌ನಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ನಿಕೋಲಸ್ ಬೌಚರ್ ಮತ್ತು ರಾಸ್ ಆಂಡರ್ಸನ್ ತೋರಿಸಿದ ಟ್ರೋಜನ್ ಸೋರ್ಸ್ ದಾಳಿಯಲ್ಲಿ, ಬರಹದ ದಿಕ್ಕು ತಿರುಗಿಸುವ ಅದೃಶ್ಯ ಚಿಹ್ನೆಗಳಿಂದ ಕಂಪೈಲರ್ ಓದುವ ಕೋಡ್ ಒಂದು, ಪರಿಶೀಲಕರ ಕಣ್ಣಿಗೆ ಕಾಣುವುದು ಇನ್ನೊಂದು ಆಗುತ್ತಿತ್ತು. ಹಾಗೆಂದು ಅದೃಶ್ಯ ಚಿಹ್ನೆಗಳನ್ನೆಲ್ಲ ಸಾರಾಸಗಟು ನಿಷೇಧಿಸುವ ನಿಯಮ ಹಾಕಿದರೆ ಕನ್ನಡದ ನಾನ್ ಜಾಯಿನರ್ ಕೂಡ ಹೋಗುತ್ತದೆ. ದಿಕ್ಕು ತಿರುಗಿಸುವವನ್ನು ಮಾತ್ರ ಹಿಡಿಯಬೇಕು. ಜಿಸಿಸಿ 12ರಲ್ಲಿ ಅದಕ್ಕೇ ಪ್ರತ್ಯೇಕ ಎಚ್ಚರಿಕೆ ಇದೆ.

ಕೊನೆಗೆ, ಟೆಸ್ಟ್‌ಗೆ ಒಂದು ಸಾಲು. "ಮನೆ"ಯಂಥ ಸುಲಭದ ಪದ ಬೇಡ, ಇದನ್ನು ಹಾಕಿ:

ಐದು ಝರಿ ಏಳು ಹಳ್ಳ ಕೋಲಾರ ಸಾಫ್ಟ್‌ವೇರ್

1252ರ ಐದೂ ಖಾಲಿ ಜಾಗಗಳನ್ನು ಇದು ಮುಟ್ಟುತ್ತದೆ. ಬಿಡಿಸಬಹುದಾದ ಚಿಹ್ನೆಗಳು ಎರಡು, ನಾನ್ ಜಾಯಿನರ್ ಒಂದು ಇದರಲ್ಲಿವೆ. ಒಟ್ಟು 34 ಕೋಡ್ ಪಾಯಿಂಟ್, 92 ಬೈಟ್. ಇದನ್ನು ನಿಮ್ಮ ವ್ಯವಸ್ಥೆಯ ಒಂದು ತುದಿಯಲ್ಲಿ ಹಾಕಿ, ಡೇಟಾಬೇಸ್, ಫೈಲು, ನೆಟ್‌ವರ್ಕ್ ಎಲ್ಲ ದಾಟಿಸಿ, ಇನ್ನೊಂದು ತುದಿಯಲ್ಲಿ ಬೈಟ್ ಎಣಿಸಿ. 93 ಅಥವಾ 94 ಬಂದರೆ ಕೊನೆಯಲ್ಲಿ ಸಾಲು ಮುರಿಯುವ ಚಿಹ್ನೆ ಸೇರಿದೆ, ಚಿಂತೆಯಿಲ್ಲ. 95 ಬಂದರೆ ತಲೆಯಲ್ಲಿ ಬಾಮ್ ಕೂತಿದೆ. 89 ಬಂದರೆ ಯಾವುದೋ ಹಂತ ನಾನ್ ಜಾಯಿನರ್ ಅನ್ನು ಕಸವೆಂದು ಗುಡಿಸಿದೆ. 101 ಬಂದರೆ ಅಕ್ಷರಗಳು ಬಿಡಿ ರೂಪಕ್ಕೆ ಹೋಗಿವೆ. 70 ಬಂದರೆ ಅದು ಬಾಮ್ ಸಮೇತದ ಯುಟಿಎಫ್-16. 180 ದಾಟಿದರೆ ಎರಡು ಸಲ ಎನ್‌ಕೋಡ್ ಆಗಿದೆ, ಯಾವ ಹಂತದಲ್ಲೆಂದು ಹುಡುಕಿದರೆ ಪಠ್ಯ ವಾಪಸ್ ಸಿಗಬಹುದು. ಸರಿಯಾಗಿ 34 ಬಂದರೆ ಫೈಲು ತೆರೆದು ನೋಡಿ: ಪದಗಳ ನಡುವಿನ ಐದು ಸ್ಪೇಸ್ ಬಿಟ್ಟು ಉಳಿದ 29 ಕೋಡ್ ಪಾಯಿಂಟ್‌ಗಳೂ ಪ್ರಶ್ನಾರ್ಥಕ ಚಿಹ್ನೆಗಳಾಗಿರುತ್ತವೆ, ಮೂಲ ಪಠ್ಯಕ್ಕಾಗಿ ಬ್ಯಾಕಪ್ ತೆಗೆಯಬೇಕು.